ಮಲಮಗನ ಸೇಡೋ, ಚರಿತ್ರೆಕಾರರ ಕಥೆಯೋ?

ಪ್ರಶ್ನೆ: ಈಜಿಪ್ಟನ್ನು ಆಳಿದ ರಾಣಿ ಹತ್ಶೆಪ್ಸುತ್‌ಳ ಹೆಸರನ್ನೂ ವಿಗ್ರಹಗಳನ್ನೂ ಅವಳ ಮಲಮಗ ದ್ವೇಷದಿಂದ ನಾಶಮಾಡಿಸಿದ ಎಂದು ಓದಿದ್ದೇನೆ. ಇದು ನಿಜವೇ?

ಉತ್ತರ: ನಾಶಮಾಡಿಸಿದ್ದು ನಿಜ. ದ್ವೇಷದ ಒಗ್ಗರಣೆ ಹಾಕಿದವರು ಮಾತ್ರ ಚರಿತ್ರೆಕಾರರು.

ಈ ಕಥೆ ಒಂದು ವ್ಯಾಕರಣದ ಗೊಂದಲದಿಂದ ಶುರುವಾಗುತ್ತದೆ. ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಿದ ಫ್ರೆಂಚ್ ವಿದ್ವಾಂಸ ಶಾಂಪೋಲಿಯೋ 1829ರಲ್ಲಿ ಡೇರ್ ಎಲ್ ಬಹ್ರಿಯಲ್ಲಿ ಹತ್ಶೆಪ್ಸುತ್ ಕಟ್ಟಿಸಿದ ದೇಗುಲದ ಗೋಡೆಗಳನ್ನು ಓದುತ್ತಿದ್ದ. ಅಲ್ಲಿ ಕೆತ್ತಿದ್ದ ಫೇರೋಗೆ, ಎಂದರೆ ಈಜಿಪ್ಟಿನ ದೊರೆಗೆ, ಕಿರೀಟವಿದೆ, ಗಡ್ಡವಿದೆ. ಪಕ್ಕದ ಬರಹದಲ್ಲಿ ಮಾತ್ರ ನಾಮಪದ, ಕ್ರಿಯಾಪದಗಳೆಲ್ಲ ಸ್ತ್ರೀಲಿಂಗ. ‘ಬಂದನು’ ಎಂದಿರಬೇಕಾದಲ್ಲಿ ‘ಬಂದಳು’ ಎಂದಿದ್ದರೆ ಕನ್ನಡದವರಿಗೆ ಎಷ್ಟು ಕಸಿವಿಸಿಯಾದೀತೋ ಅಷ್ಟೇ ಅವನಿಗೂ ಆಯಿತು. ಹೆಂಗಸೇ ಫೇರೋ ಆಗಿರಬಹುದೆಂದು ಒಪ್ಪುವುದಕ್ಕಿಂತ, ಯಾವಳೋ ರಾಣಿಗೆ ಇಲ್ಲದ ಗಂಡನೊಬ್ಬನನ್ನು ಊಹಿಸಿ, ಅವಳ ಹೆಸರಿನಲ್ಲಿ ಇವನು ಆಳಿದ ಎಂದುಕೊಳ್ಳುವುದೇ ಅವನಿಗೆ ಸುಲಭವಾಗಿ ಕಂಡಿತು!

ನಡೆದದ್ದು ಇಷ್ಟು. ಸುಮಾರು ಕ್ರಿ.ಪೂ. 1479ರಲ್ಲಿ ಹತ್ಶೆಪ್ಸುತ್‌ಳ ಗಂಡ ಎರಡನೆಯ ಥುತ್ಮೋಸ್ ತೀರಿಕೊಂಡಾಗ ಪಟ್ಟ ಸಿಕ್ಕಿದ್ದು ಸವತಿಯ ಮಗ ಮೂರನೆಯ ಥುತ್ಮೋಸನಿಗೆ, ಇನ್ನೂ ಎಳೆಯ ಹುಡುಗ. ಅವನ ಪರವಾಗಿ ರಾಜ್ಯಭಾರ ವಹಿಸಿಕೊಂಡ ಹತ್ಶೆಪ್ಸುತ್ ಏಳನೆಯ ವರ್ಷದ ಹೊತ್ತಿಗೆ ತಾನೇ ಫೇರೋ ಆಗಿದ್ದಳು. ಒಟ್ಟು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆಳಿದಳು. ಆಫ್ರಿಕದ ಪೂರ್ವ ಭಾಗದಲ್ಲಿತ್ತೆನ್ನಲಾದ ಪುಂಟ್ ದೇಶಕ್ಕೆ ಹಡಗು ಕಳಿಸಿ, ಧೂಪದ ಮರಗಳನ್ನು ಬೇರುಸಹಿತ ಬುಟ್ಟಿಗಳಲ್ಲಿ ತರಿಸಿದ್ದನ್ನು ಆ ದೇಗುಲದ ಗೋಡೆಯಲ್ಲಿ ಇಂದಿಗೂ ನೋಡಬಹುದು.

1920ರ ದಶಕದಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನವರು ದೇಗುಲದ ಹತ್ತಿರ ಅಗೆದಾಗ ಅವಳ ವಿಗ್ರಹಗಳ ಚೂರುಗಳು ಹೇರಳವಾಗಿ ಸಿಕ್ಕವು. ಅಲ್ಲಿಂದ ಕಥೆಗೆ ರೆಕ್ಕೆಪುಕ್ಕ ಬಂತು. ಸಿಂಹಾಸನ ಕಸಿದುಕೊಂಡ ಮಲತಾಯಿ, ಒಳಗೊಳಗೇ ಕುದಿದ ಮಗ, ಅವಳು ಸತ್ತ ಮೇಲೆ ತೀರಿಸಿಕೊಂಡ ಸೇಡು! ಅದೇ ಮ್ಯೂಸಿಯಂನ ವಿಲಿಯಂ ಹೇಯ್ಸ್ 1950ರ ದಶಕದಲ್ಲಿ ಅವಳನ್ನು ಜಂಬದ, ಅಧಿಕಾರದಾಸೆಯ, ನೀತಿಗೆಟ್ಟ ಹೆಂಗಸು ಎಂಬಂತೆ ಚಿತ್ರಿಸಿದರು. ಹದಿನೇಳು ದಂಡಯಾತ್ರೆ ಮಾಡಿದ ಮಗನಿಗೆ ‘ಈಜಿಪ್ಟಿನ ನೆಪೋಲಿಯನ್’ ಎಂಬ ಬಿರುದು ಅದಾಗಲೇ ಸಿಕ್ಕಿತ್ತು. ಆಸೆ ಇಬ್ಬರಿಗೂ ಇತ್ತು, ಬೈಗುಳ ಮಾತ್ರ ಒಬ್ಬರ ಪಾಲಿಗೆ. ‘ಮಲತಾಯಿ ಧೋರಣೆ’ ಎಂದು ದಿನಬೆಳಗಾದರೆ ಬರೆಯುವ ನಮಗೂ ಈ ಕಥೆ ಸಲೀಸಾಗಿ ಗಂಟಲಲ್ಲಿ ಇಳಿಯುತ್ತದೆ.

ಕಲ್ಲುಗಳು ಬೇರೆಯದನ್ನೇ ಹೇಳುತ್ತವೆ. ಅಳಿಸುವ ಕೆಲಸ ಶುರುವಾದದ್ದು ಅವಳು ಸತ್ತು ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ. ಸಿಟ್ಟಿನಲ್ಲಿ ಕುದಿಯುತ್ತಿದ್ದವನು ಅಷ್ಟು ಕಾಲ ಕಾಯುತ್ತಾನೆಯೇ? ಅಳಿಸಿದಲ್ಲಿ ಎಷ್ಟೋ ಕಡೆ ಬರೆಸಿದ್ದು ಅವನ ಹೆಸರೂ ಅಲ್ಲ, ಅಜ್ಜನದೋ ಅಪ್ಪನದೋ. ಅವಳು ಬರೀ ಪಟ್ಟದರಸಿಯಾಗಿದ್ದಾಗಿನ ಚಿತ್ರಗಳ ತಂಟೆಗಂತೂ ಸಾಮಾನ್ಯವಾಗಿ ಹೋಗಿಲ್ಲ. ಅಂದರೆ ಕಣ್ಣು ಚುಚ್ಚಿದ್ದು ಆ ಹೆಂಗಸಲ್ಲ, ಅವಳ ತಲೆಯ ಮೇಲಿದ್ದ ಕಿರೀಟ. ಥುತ್ಮೋಸ್ ತನ್ನ ನಂತರ ತನ್ನ ಮಗನಿಗೆ ಪಟ್ಟ ನಿರ್ವಿಘ್ನವಾಗಿ ದಾಟಲೆಂದು ವಂಶಾವಳಿಯನ್ನು ನೇರಮಾಡಿದ ಎನ್ನುವ ವಿವರಣೆಯೇ ನನಗೆ ಹೆಚ್ಚು ಸರಿಯೆನಿಸುತ್ತದೆ.

2025ರಲ್ಲಿ ಟೊರೊಂಟೊದ ಸಂಶೋಧಕ ಜುನ್ ಯಿ ವಾಂಗ್ ಆ ಅಗೆತದ ಹಳೆಯ ದಾಖಲೆಗಳನ್ನು ಕೆದಕಿ ಇನ್ನೊಂದು ಗಂಟು ಬಿಚ್ಚಿದರು. ಅನೇಕ ವಿಗ್ರಹಗಳು ಕತ್ತು, ಸೊಂಟ, ಮೊಣಕಾಲಿನಲ್ಲೇ ಮುರಿದಿವೆ. ಬೇರೆ ಫೇರೋಗಳ ವಿಗ್ರಹಗಳಲ್ಲಿದೆಯೆಂದು ನಂಬಿದ್ದ ಶಕ್ತಿ ತೆಗೆಯಲೂ ಹೀಗೆಯೇ ಮಾಡುತ್ತಿದ್ದರು. ಮಿಕ್ಕ ಹಾನಿಯಲ್ಲಿ ಬಹಳಷ್ಟು ಆದದ್ದು ಮುಂದಿನವರು ಕಲ್ಲನ್ನು ಬೇರೆ ಕೆಲಸಕ್ಕೆ ಬಳಸಿದಾಗ.

ಈಗ ಗಾಳಿ ಇನ್ನೊಂದು ದಿಕ್ಕಿಗೆ ಬೀಸಿದೆ. ವ್ಯಾಪಾರ, ಕಟ್ಟಡಗಳನ್ನಷ್ಟೇ ನೆಚ್ಚಿದ ಶಾಂತಮೂರ್ತಿ ಎಂದು ಅವಳನ್ನು ಹೊಗಳುವವರಿದ್ದಾರೆ. ಅದನ್ನೂ ಪೂರ್ತಿ ನಂಬಬೇಡಿ. ಈಜಿಪ್ಟಿನ ದಕ್ಷಿಣಕ್ಕಿದ್ದ ನೂಬಿಯಾದ ಮೇಲೆ ಅವಳ ಸೈನ್ಯ ದಂಡೆತ್ತಿ ಹೋಗಿತ್ತು.

ಅವಳು ಕಾರ್ನಾಕ್‌ ದೇಗುಲದಲ್ಲಿ ನಿಲ್ಲಿಸಿದ ಏಕಶಿಲಾಸ್ತಂಭವೊಂದು ಸುಮಾರು 30 ಮೀಟರ್ ಎತ್ತರಕ್ಕೆ ಈಗಲೂ ನಿಂತಿದೆ. ಮೂರನೆಯ ಥುತ್ಮೋಸನ ಕಾಲದಲ್ಲಿ ಅದರ ಸುತ್ತ ಗೋಡೆ ಎಬ್ಬಿಸಿ ಮರೆಮಾಡಿದರು. ಆ ಗೋಡೆಯೇ ಕೆತ್ತನೆಯನ್ನು ಕಾಪಾಡಿತು. ಮುಂದಿನ ಕಾಲದಲ್ಲಿ ಇದನ್ನು ನೋಡುವ ಜನ ತನ್ನ ಕೆಲಸದ ಬಗ್ಗೆ ಏನೆಂದುಕೊಳ್ಳುವರೋ ಎಂದು ತನ್ನ ಮನಸ್ಸು ಹೊಯ್ದಾಡುತ್ತಿದೆ ಎಂದು ಅದರ ಬುಡದಲ್ಲಿ ಅವಳು ಬರೆಸಿದ್ದಾಳೆ.