ಬರಿಗಾಲಲ್ಲಿ ರಸ್ತೆ ದಾಟಿ ‘ಸತ್ತ’ ಪಾಲ್ ಮೆಕಾರ್ಟ್ನಿ

1969ರ ಅಕ್ಟೋಬರ್ 12, ಭಾನುವಾರ. ಅಮೆರಿಕದ ಡೆಟ್ರಾಯಿಟ್‌ನ ಡಬ್ಲ್ಯುಕೆಎನ್‌ಆರ್ ಎಫ್‌ಎಂ ರೇಡಿಯೊದಲ್ಲಿ ರಸ್ ಗಿಬ್ ಕಾರ್ಯಕ್ರಮ ನಡೆಸುತ್ತಿದ್ದಾಗ ಕೇಳುಗನೊಬ್ಬನ ಫೋನ್ ಬಂತು. ಬ್ರಿಟನ್ನಿನ ಬೀಟಲ್ಸ್ ಸಂಗೀತ ತಂಡದ ಪಾಲ್ ಮೆಕಾರ್ಟ್ನಿ ಸತ್ತಿದ್ದಾರೆ, ಬೇಕಿದ್ದರೆ ಅವರ ‘ರೆವಲ್ಯೂಷನ್ 9’ ಧ್ವನಿಮುದ್ರಣವನ್ನು ಹಿಂದುಮುಂದಾಗಿ ಹಾಕಿ ಕೇಳಿ ಎಂದ. ಗಿಬ್ ಗ್ರಾಮೊಫೋನ್ ತಟ್ಟೆಯನ್ನು ಹಿಂದಕ್ಕೆ ತಿರುಗಿಸಿದರು. ‘ನಂಬರ್ ನೈನ್, ನಂಬರ್ ನೈನ್’ ಎನ್ನುವ ದನಿ ‘ಟರ್ನ್ ಮಿ ಆನ್, ಡೆಡ್ ಮ್ಯಾನ್’ ಎಂದಿತು. ಎಂದಿತು ಅನ್ನುವುದಕ್ಕಿಂತ, ಹಾಗೆ ಕೇಳಿಸಿತು.

ಆ ‘ಕೇಳಿಸುವುದು’ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಬೇಕು. ಎಲ್‌ಪಿ, ಅಂದರೆ ಹಾಡಿನ ಆ ದೊಡ್ಡ ತಟ್ಟೆ, ತಿರುಗುವುದು ನಿಮಿಷಕ್ಕೆ 33⅓ ಸುತ್ತು, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಮೋಟಾರ್ ನಿಲ್ಲಿಸಿ ಬೆರಳಲ್ಲಿ ಹಿಂದಕ್ಕೆ ತಿರುಗಿಸುವಾಗ ಆ ಲಯ ಉಳಿಯುವುದಿಲ್ಲ. ಕೈ ತಡವರಿಸಿದಂತೆ ಶ್ರುತಿ ಏರಿಳಿಯುತ್ತದೆ, ವ್ಯಂಜನಗಳ ಅಂಚು ಮಸುಕಾಗುತ್ತದೆ. ಸೂಜಿಯೂ ಹಾಳಾಗುತ್ತದೆ, ಅದು ಬೇರೆ ಮಾತು. ಇಲ್ಲಿ ತಿರುಗುಮುರುಗಾಗುವುದು ಅಕ್ಷರವಲ್ಲ, ದನಿ. ‘ನೈನ್’ ಒಳಗಿನ ‘ಐ’ ಎಂದರೆ ಅ-ಇ, ಹಿಂದಿನಿಂದ ಇ-ಅ. ಕೊನೆಗೆ ಹೊರಬರುವುದು ಸುಮಾರಾಗಿ ‘ನಿಯನ್ ಅಬ್ಮನ್’. ಆ ‘ಬ್ಮನ್’ ಅನ್ನು ‘ಡೆಡ್ ಮ್ಯಾನ್’ ಮಾಡುವ ಕೆಲಸ ಕಿವಿಯದಲ್ಲ, ಫೋನಿನಲ್ಲಿ ಮೊದಲೇ ಸಿಕ್ಕ ಸುಳಿವಿನದು. ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಜಾನ್ ವೋಕಿ ಮತ್ತು ಡಾನ್ ರೀಡ್ 1985ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು: ತಿರುಗಿಸಿದ ಮಾತಿನ ಅರ್ಥ ಯಾರಿಗೂ ಹತ್ತುವುದಿಲ್ಲ, ಇಂಥದ್ದು ಕೇಳುತ್ತದೆ ನೋಡಿ ಎಂದು ಹೇಳಿಕೊಟ್ಟರೆ ಹೆಚ್ಚಿನವರಿಗೆ ಅದೇ ಕೇಳುತ್ತದೆ.

ವದಂತಿ ಹುಟ್ಟಿದ್ದು ಡೆಟ್ರಾಯಿಟ್‌ನಲ್ಲೇನೂ ಅಲ್ಲ. 1967ರ ಜನವರಿಯಲ್ಲೇ, ಎಂ1 ಹೆದ್ದಾರಿಯಲ್ಲಿ ಪಾಲ್ ಕಾರು ಅಪಘಾತವಾಗಿ ಸತ್ತರು ಎಂಬ ಸುದ್ದಿ ಲಂಡನ್ನಿನಲ್ಲಿ ಹಬ್ಬಿತ್ತು. ಅಭಿಮಾನಿಗಳ ಮಾಸಪತ್ರಿಕೆ ಫೆಬ್ರವರಿ ಸಂಚಿಕೆಯಲ್ಲಿ ಸುಳ್ಳೆಂದಿತು, ಅಲ್ಲಿಗೆ ತಣ್ಣಗಾಯಿತು. ಆ ಊರಿನಲ್ಲಿ ಪಾಲ್ ಮನೆಯೇ ಇತ್ತು, ಹೋಗಿ ಬರುವುದು ಜನರ ಕಣ್ಣಿಗೆ ಬೀಳುತ್ತಿತ್ತು. ಅಮೆರಿಕದಲ್ಲಿ ಆ ಅನುಕೂಲವಿರಲಿಲ್ಲ. ತಂಡ 1966ರ ಆಗಸ್ಟ್ 29ರ ಸ್ಯಾನ್‌ಫ್ರಾನ್ಸಿಸ್ಕೊ ಕಛೇರಿಯ ನಂತರ ಪ್ರವಾಸವನ್ನೇ ನಿಲ್ಲಿಸಿತ್ತು. ಸಿಗುತ್ತಿದ್ದದ್ದು ತಟ್ಟೆ ಮತ್ತು ಅದರ ಹೊದಿಕೆ ಮಾತ್ರ. ಮೇಲಾಗಿ ಅದು ಕೆನಡಿ ಹತ್ಯೆ, ವಿಯೆಟ್ನಾಂ ಕಂಡ ಪೀಳಿಗೆ. ಅಧಿಕೃತವಾಗಿ ಹೇಳಿದ್ದನ್ನು ನಂಬದಿರುವುದೇ ಅವರಿಗೆ ಜಾಣತನ.

ಅದೇ ಹೊತ್ತಿಗೆ ‘ಅಬ್ಬೆ ರೋಡ್’ ಎಂಬ ಹೊಸ ಆಲ್ಬಮ್ ಬಂತು. ಹೊದಿಕೆಯ ಮೇಲೆ ತಂಡದ ನಾಲ್ವರೂ ಸಾಲಾಗಿ ರಸ್ತೆ ದಾಟುತ್ತಿದ್ದಾರೆ. ಹೊದಿಕೆಯ ಚಿತ್ರ ತೆಗೆದದ್ದು ಇಯಾನ್ ಮ್ಯಾಕ್‌ಮಿಲನ್, ಆಗಸ್ಟ್ 8ರಂದು, ಏಣಿ ಹತ್ತಿ, ಸುಮಾರು ಹತ್ತು ನಿಮಿಷದಲ್ಲಿ, ಒಟ್ಟು ಆರು ಕ್ಲಿಕ್. ಮೊದಲ ಎರಡರಲ್ಲಿ ಪಾಲ್ ಕಾಲಲ್ಲಿ ಚಪ್ಪಲಿಯಿದೆ, ಆಮೇಲೆ ಕಳಚಿದರು. ಆಯ್ಕೆಯಾದದ್ದು ಐದನೆಯದು. ಬಿಳಿ ಸೂಟಿನ ಲೆನನ್ ಪಾದ್ರಿ, ಕಪ್ಪು ಸೂಟಿನ ರಿಂಗೊ ಶವಸಂಸ್ಕಾರದವ, ಡೆನಿಮ್ ತೊಟ್ಟ ಜಾರ್ಜ್ ಗುಂಡಿ ತೋಡುವವ, ಬರಿಗಾಲಿನ ಪಾಲ್ ಹೆಣ ಎಂದು ಓದಿದರು. ನಮ್ಮ ಕಡೆಯವರು ಓದಿದ್ದರೆ, ಬರಿಗಾಲಿನಲ್ಲಿ ನಡೆಯುವವನು ಕರ್ಮ ಹಿಡಿದ ಮಗನಾಗುತ್ತಿದ್ದ! ಹಿಂದೆ ನಿಂತ ಫೋಕ್ಸ್‌ವ್ಯಾಗನ್ ಕಾರಿನ ಸಂಖ್ಯೆ ಎಲ್‌ಎಂಡಬ್ಲ್ಯು 281ಎಫ್. ಒಂದನ್ನು ‘ಐ’ ಮಾಡಿ ‘28 ಇಫ್’, ಬದುಕಿದ್ದರೆ 28 ಎಂದರು. ಆ ‘ಎಫ್’ ಎಂದರೆ ಕಾರು 1967ರ ಆಗಸ್ಟ್‌ನಿಂದ 1968ರ ಜುಲೈ ನಡುವೆ ನೋಂದಣಿಯಾದದ್ದು, ಅಷ್ಟೆ. ಪಾಲ್‌ಗೆ ಆಗ ತುಂಬಿದ್ದು 27. ಅದಕ್ಕೂ ಉತ್ತರ ಸಿದ್ಧವಿತ್ತು: ಭಾರತದ ಕಡೆ ವಯಸ್ಸನ್ನು ಗರ್ಭದಿಂದಲೇ ಎಣಿಸುತ್ತಾರಂತೆ. ಲೆಕ್ಕ ತಪ್ಪಿದಾಗ ಕಥೆ ಬಿಡದೆ ಲೆಕ್ಕವನ್ನೇ ಬದಲಿಸುವುದು ಇಂಥ ಕಥೆಗಳ ಹಳೇ ಚಾಳಿ.

ಅಕ್ಟೋಬರ್ 14ರಂದು ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಲ್ಲಿ ಫ್ರೆಡ್ ಲಬೋರ್ ಆ ಆಲ್ಬಮ್ಮಿನ ವಿಮರ್ಶೆ ಬರೆದರು. ಗಿಬ್ ಕಾರ್ಯಕ್ರಮ ಕೇಳಿದ್ದ ಅವರು ವಿಮರ್ಶೆಯ ಬದಲು ಸಾವಿನ ವರದಿಯನ್ನೇ ತಮಾಷೆಗೆ ಹೊಸೆದರು. ಪಾಲ್ ಜಾಗಕ್ಕೆ ಬಂದ ವಿಲಿಯಂ ಕ್ಯಾಂಪ್‌ಬೆಲ್ ಎಂಬ ತದ್ರೂಪಿ, ಬೀಟಲ್ಸ್ ಹಾಡಿನಲ್ಲಿ ಬರುವ ‘ವಾಲ್ರಸ್’ (ಒಂದು ಕಡಲ ಪ್ರಾಣಿ) ಎಂದರೆ ಗ್ರೀಕ್‌ನಲ್ಲಿ ಹೆಣ ಎಂಬ ಅರ್ಥ, ಎಲ್ಲ ಅವರ ಕಟ್ಟುಕಥೆ. ಮುಂದೆ ಟಿವಿಯವರು ವಕೀಲ ಎಫ್. ಲೀ ಬೇಲಿಯನ್ನು ಕೂರಿಸಿ ಅಣಕು ವಿಚಾರಣೆ ಮಾಡಿದಾಗ, ಇದೆಲ್ಲ ನಾನೇ ಸೃಷ್ಟಿಸಿದ್ದು ಎಂದು ಲಬೋರ್ ಮುಂಚೆಯೇ ಬೇಲಿಗೆ ಹೇಳಿದರು. ಕಾರ್ಯಕ್ರಮ ನಿಲ್ಲಲಿಲ್ಲ.

ಸುಳ್ಳೆಂದು ಒಪ್ಪಿಕೊಂಡ ಮೇಲೂ ಕಥೆ ಉಳಿಯಲು ಒಂದು ಕಾರಣ ಪುನರಾವರ್ತನೆ. ಮನೋವಿಜ್ಞಾನಿಗಳಾದ ಹ್ಯಾಶರ್, ಗೋಲ್ಡ್‌ಸ್ಟೀನ್, ಟೊಪಿನೊ 1977ರಲ್ಲಿ ತೋರಿಸಿದಂತೆ, ಮತ್ತೆ ಮತ್ತೆ ಕಿವಿಗೆ ಬಿದ್ದ ವಾಕ್ಯ, ಸುಳ್ಳಾದರೂ, ಹೆಚ್ಚು ನಿಜವೆನಿಸುತ್ತದೆ. ಅದಕ್ಕಿಂತ ದೊಡ್ಡ ಕಾರಣ ಸ್ವಂತ ದುಡಿಮೆ ಎಂದು ನನಗನ್ನಿಸುತ್ತದೆ. ರಾತ್ರಿಯೆಲ್ಲ ಕೂತು, ಸೂಜಿ ಸವೆಸಿ, ತಾನೇ ಹುಡುಕಿ ತೆಗೆದ ಸುಳಿವನ್ನು ಯಾರು ಬಿಟ್ಟುಕೊಡುತ್ತಾರೆ?

‘ಲೈಫ್’ ವಾರಪತ್ರಿಕೆಯವರು ಸ್ಕಾಟ್ಲೆಂಡಿನ ಕ್ಯಾಂಪ್‌ಬೆಲ್‌ಟೌನ್ ಬಳಿಯ ತೋಟದ ಮನೆಯಲ್ಲಿ ಪಾಲ್ ಅವರನ್ನು ಹಿಡಿದರು. ಅವರು ಸಿಟ್ಟಿನಲ್ಲಿ ಬಕೆಟ್ ನೀರು ಎರಚಿದರು. ಆ ಫೋಟೊ ಹೊರಬೀಳಬಾರದೆಂದು, ಫಿಲ್ಮ್ ಪಡೆದು ಬದಲಿಗೆ ಸಂದರ್ಶನ ಕೊಟ್ಟರು. ನವೆಂಬರ್ 7ರ ಸಂಚಿಕೆಯ ಮುಖಪುಟದಲ್ಲಿ ಹೆಂಡತಿ ಮಕ್ಕಳೊಂದಿಗೆ ಪಾಲ್. ನಂಬಿಕಸ್ಥರು ಆ ಹಾಳೆಯನ್ನು ದೀಪಕ್ಕೆ ಹಿಡಿದರು: ಹಿಂಬದಿಯ ಕಾರಿನ ಜಾಹೀರಾತು ಪಾಲ್ ಮೈಮೇಲೆ ಹಾದಂತೆ ಕಂಡಿತು. ಮತ್ತೊಂದು ಸುಳಿವು ಸಿಕ್ಕಿತು.

ಲೆನನ್ ತಂಡ ಬಿಡುವುದಾಗಿ ಸೆಪ್ಟೆಂಬರ್ 20ರಂದೇ ಗೆಳೆಯರಿಗೆ ಹೇಳಿಯಾಗಿತ್ತು, ಹೊರಗೆ ಗೊತ್ತಿರಲಿಲ್ಲ. ‘ಲೈಫ್’ ಸಂದರ್ಶನದಲ್ಲಿ ಪಾಲ್, ಬೀಟಲ್ಸ್ ಎಂಬುದು ಮುಗಿಯಿತು ಎಂದು ನೇರವಾಗಿ ಹೇಳಿದ್ದರು, ಅದು ಅಚ್ಚೂ ಆಗಿತ್ತು. ಆ ಸಾಲನ್ನು ಯಾರೂ ಗಮನಿಸಲಿಲ್ಲ. 1970ರ ಏಪ್ರಿಲ್ 10ರಂದು ತಂಡ ಒಡೆದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಎಲ್ಲರೂ ಬೆಚ್ಚಿಬಿದ್ದರು.