ರಾಣಿ ನೊಣ ಬೆಳೆಸುವಾಗ ದಿನ ಎಣಿಸುವುದು ಎಲ್ಲಿಂದ?

ನಮ್ಮ ಹಿತ್ತಲಲ್ಲಿ ಮೂರು ಪೆಟ್ಟಿಗೆ ತುಡುವೆ ಜೇನು ಇದೆ. ಜೇನು ತೆಗೆಯುವುದು, ಅಡಿಮಣೆ ಚೊಕ್ಕ ಮಾಡುವುದು, ಮಳೆಗಾಲದಲ್ಲಿ ಸಕ್ಕರೆ ಪಾಕ ಇಡುವುದು ನಿಮಗೂ ಗೊತ್ತು. ಅದನ್ನೆಲ್ಲ ಬಿಡುತ್ತೇನೆ. ನಾನು ಎಡವಿದ್ದು ರಾಣಿ ಬೆಳೆಸುವಾಗ, ಅದೂ ತಾರೀಕಿನ ಲೆಕ್ಕದಲ್ಲಿ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮೊದಲು ಗಂಡು ನೊಣ ನೋಡಿ

ಗಂಡು ಇಲ್ಲದ ಕಾಲದಲ್ಲಿ ರಾಣಿ ಬೆಳೆಸಿ ಉಪಯೋಗವಿಲ್ಲ. ಮೊಟ್ಟೆಯಿಂದ ಗಂಡು ನೊಣ ಹೊರಬರಲು ಸುಮಾರು 24 ದಿನ ಬೇಕು, ಬಲಿಯಲು ಇನ್ನೂ ಒಂದು ವಾರದ ಮೇಲೆ ಬೇಕು. ಎರಿಯ (ನೊಣಗಳು ಕಟ್ಟುವ ಮೇಣದ ಹಲ್ಲೆಯ) ಕೆಳಗಿನ ಅಂಚಿನಲ್ಲಿ ಉಬ್ಬಿದ ಮುಚ್ಚಳಗಳು, ನಡುವೆ ಸೂಜಿ ಚುಚ್ಚಿದಂಥ ಸಣ್ಣ ತೂತು ಕಂಡರೆ ಅದು ತುಡುವೆಯ ಗಂಡು ಮರಿ. ಅದು ಕಂಡ ಮೇಲೆಯೇ ಕೆಲಸ ಶುರು ಮಾಡಿ.

ಯಾವ ಮರಿ?

ರಾಣಿಗೂ ಕೆಲಸಗಾರ ನೊಣಕ್ಕೂ ಮೊಟ್ಟೆ ಒಂದೇ ಥರದ್ದು. ಬೇರೆಯಾಗುವುದು ಊಟದಿಂದ. ಆದ್ದರಿಂದ ಮೊಟ್ಟೆ ಒಡೆದು ಒಂದು ದಿನ ಆಗದ ಮರಿಯನ್ನೇ ಮೇಣದ ಬಟ್ಟಲಿಗೆ ಎತ್ತಿ ಹಾಕಬೇಕು. ಇದನ್ನೇ ಗ್ರಾಫ್ಟಿಂಗ್ ಅನ್ನುವುದು. ಸರಿಯಾದ ಮರಿ ಬಿದಿಗೆ ಚಂದ್ರನ ಹಾಗೆ ಸ್ವಲ್ಪವೇ ಬಾಗಿರುತ್ತದೆ, ಹಾಲಿನಂಥ ರಸದ ಮೇಲೆ ತೇಲುತ್ತಿರುತ್ತದೆ. ಕಣದ (ಎರಿಯ ಒಂದೊಂದು ಪುಟ್ಟ ಕೋಣೆಯ) ತಳ ತುಂಬುವಷ್ಟು ದುಂಡಗೆ ಸುತ್ತಿಕೊಂಡಿದ್ದರೆ ವಯಸ್ಸು ಜಾಸ್ತಿಯಾಯಿತು, ಬಿಟ್ಟುಬಿಡಿ. ಬೆಳಿಗ್ಗೆ ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು, ಹೆಗಲ ಮೇಲಿಂದ ಬೆಳಕು ಕಣದೊಳಗೆ ಬೀಳುವ ಹಾಗೆ ಎರಿ ಹಿಡಿದರೆ ಚೆನ್ನಾಗಿ ಕಾಣುತ್ತದೆ.

ಬಟ್ಟಲುಗಳನ್ನು ರಾಣಿ ಇಲ್ಲದ ಬಲವಾದ ಕುಟುಂಬಕ್ಕೆ ಕೊಡಬೇಕು. ಅಲ್ಲಿನ ನೊಣಗಳು ತಾವಾಗಿ ಬೇರೆ ಕಡೆ ಕಟ್ಟಿದ ರಾಣಿ ಕೋಶಗಳನ್ನು (ರಾಣಿ ಮರಿ ಬೆಳೆಯುವ ಮೇಣದ ಗೂಡುಗಳನ್ನು) ನಾವು ಹುಡುಕಿ ಒಡೆಯಬೇಕು. ಒಂದು ಉಳಿದರೂ ಶ್ರಮವೆಲ್ಲ ಹಾಳು.

ನಾನು ತಪ್ಪಿದ ಜಾಗ

ರಾಣಿ 16 ದಿನಕ್ಕೆ ಹೊರಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಜನವರಿ 10ಕ್ಕೆ ಮರಿ ಎತ್ತಿದೆ. ಹತ್ತಕ್ಕೆ ಹದಿನಾರು ಸೇರಿಸಿದರೆ 26. ಹಿಂದಿನ ದಿನ, 25ಕ್ಕೆ, ಕೋಶಗಳನ್ನು ಸಣ್ಣ ಪೆಟ್ಟಿಗೆಗಳಿಗೆ ಹಂಚೋಣ ಅಂತ ಹೋದೆ. ಆರು ಕೋಶ ಇದ್ದವು. ಒಂದರ ತುದಿ ಡಬ್ಬಿಯ ಮುಚ್ಚಳದಂತೆ ದುಂಡಗೆ ತೆರೆದು ಜೋತಾಡುತ್ತಿತ್ತು. ಉಳಿದ ಐದಕ್ಕೂ ಪಕ್ಕದಲ್ಲಿ ಹರಿದ ತೂತು. ನಮ್ಮೂರಿನ ಜೇನು ಸಾಕುವ ಹಿರಿಯರೊಬ್ಬರಿಗೆ ತೋರಿಸಿದೆ. "ತುದಿ ತೆರೆದಿದ್ರೆ ರಾಣಿ ಹುಟ್ಟಿದೆ ತಮ್ಮಾ. ಬದಿಗೆ ತೂತಾದ್ರೆ ಒಳಗೇ ಕೊಂದಿದೆ" ಅಂದರು. ಮೊದಲು ಹುಟ್ಟಿದ ರಾಣಿ ಉಳಿದ ಐದನ್ನೂ ಮುಗಿಸಿತ್ತು.

ತಪ್ಪು ಇಷ್ಟೇ. ಆ 16 ದಿನ ಮೊಟ್ಟೆ ಇಟ್ಟ ದಿನದಿಂದ ಎಣಿಸುವುದು, ಮರಿ ಎತ್ತಿದ ದಿನದಿಂದ ಅಲ್ಲ. ಮೊಟ್ಟೆಯಾಗಿ 3 ದಿನ ಆಗಲೇ ಕಳೆದಿರುತ್ತದೆ. ಎತ್ತುವಾಗ ಮರಿ ನಾಲ್ಕನೆಯ ದಿನದಲ್ಲಿರುತ್ತದೆ. ನಾನು ಆ ನಾಲ್ಕು ದಿನವನ್ನು ಎರಡು ಸಲ ಎಣಿಸಿದ್ದೆ.

ಈಗ ಹೀಗೆ ಮಾಡುತ್ತೇನೆ. ಎತ್ತಿದ ತಾರೀಕಿನಿಂದ 4 ಕಳೆದು, ಬಂದ ತಾರೀಕನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ "ಮೊಟ್ಟೆ" ಅಂತ ಬರೆಯುತ್ತೇನೆ. ಮುಂದಿನದೆಲ್ಲ ಅಲ್ಲಿಂದಲೇ. ಜನವರಿ 10ಕ್ಕೆ ಎತ್ತಿದರೆ ಮೊಟ್ಟೆ ದಿನ 6. ಅದಕ್ಕೆ 8 ಸೇರಿಸಿದರೆ 14, ಆ ಹೊತ್ತಿಗೆ ಕೋಶದ ಬಾಯಿ ಮುಚ್ಚುತ್ತದೆ. 14 ಸೇರಿಸಿದರೆ 20, ಕೋಶ ಹಂಚುವ ದಿನ. 15–16 ಸೇರಿಸಿದರೆ 21–22, ರಾಣಿ ಹೊರಗೆ. ಅಂದರೆ ನಾನು ಹೋಗುವ ಹೊತ್ತಿಗೆ ಮೂರು ದಿನ ತಡವಾಗಿತ್ತು.

ತಾರೀಕು ಮರೆತರೂ ಕೋಶವೇ ಹೇಳುತ್ತದೆ. ಹೊರಬರುವ ಮುಂಚೆ ನೊಣಗಳು ತುದಿಯ ಮೇಣ ಕೆರೆದು ತೆಗೆಯುತ್ತವೆ, ಒಳಗಿನ ಕಂದು ಪೊರೆ ಕಾಣುತ್ತದೆ. ಹಾಗೆ ಕಂಡರೆ ಮರುದಿನಕ್ಕೆ ಬಿಡಬೇಡಿ, ಆಗಲೇ ಹಂಚಿ. ಹಂಚುವಾಗ ಕೋಶವನ್ನು ಮಲಗಿಸಬೇಡಿ, ಅಲ್ಲಾಡಿಸಬೇಡಿ. ತುದಿ ಕೆಳಗೇ ಇರಲಿ.

ಕುಟುಂಬ ಎರಡು ಮಾಡಿ, ರಾಣಿ ಇಲ್ಲದ ಪಾಲಿಗೆ ತಾನೇ ಕಟ್ಟಿಕೊಳ್ಳಲು ಬಿಟ್ಟರೂ ಇದೇ ಲೆಕ್ಕ. ಅವು ಎಳೆ ಮರಿಯನ್ನು ಆರಿಸಿದರೆ, ಎರಡು ಮಾಡಿದ ದಿನದಿಂದ 10–12 ದಿನಕ್ಕೇ ರಾಣಿ ಹುಟ್ಟಬಹುದು. ಬರೀ ಮೊಟ್ಟೆ ಇದ್ದರೆ 16 ದಿನದವರೆಗೂ ಹೋಗಬಹುದು.

ಹುಟ್ಟಿದ ಮೇಲೆ

ಕೆಲವು ದಿನಕ್ಕೆ ರಾಣಿ ಹಾರಿ ಹೋಗಿ ಗಾಳಿಯಲ್ಲೇ ಹಲವು ಗಂಡುಗಳ ಜೊತೆ ಕೂಡಿ ಬರುತ್ತದೆ. ಆಮೇಲೆ ಕೆಲವು ದಿನಕ್ಕೆ ಮೊಟ್ಟೆ. ನಡುವೆ ಸುಮ್ನೆ ಸುಮ್ನೆ ಮುಚ್ಚಳ ತೆಗೆಯಬೇಡಿ. ತುಡುವೆ ಬೇಗ ಗೂಡು ಬಿಟ್ಟು ಹೋಗುತ್ತದೆ. ತೀರಾ ತಡವಾಗಿ, ಒಂದೇ ಕಣದಲ್ಲಿ ಮೂರು ನಾಲ್ಕು ಮೊಟ್ಟೆ ಕಂಡರೆ ಕೆಲಸಗಾರ ನೊಣಗಳೇ ಇಡಲು ಶುರು ಮಾಡಿವೆ ಅಂತ ಅನುಮಾನಿಸಿ. ಅವುಗಳಿಂದ ಗಂಡು ಮಾತ್ರ ಹುಟ್ಟುತ್ತದೆ.

ಎರಡನೆಯ ಸಲ ಫೆಬ್ರವರಿ 4ಕ್ಕೆ ಎತ್ತಿದೆ. ಮುಚ್ಚಳದ ಮೇಲೆ "ಮೊಟ್ಟೆ ಜ.31" ಅಂತ ಬರೆದೆ. 14ಕ್ಕೆ ಎರಡು ಕೋಶ ಎರಡು ಸಣ್ಣ ಪೆಟ್ಟಿಗೆಗೆ ಹೋಯಿತು. ಒಂದು ರಾಣಿ ಹಾರಿ ಹೋದದ್ದು ವಾಪಸ್ ಬರಲಿಲ್ಲ. ಆ ವಾರ ತೋಟದ ತಂತಿಯ ಮೇಲೆ ಜೇನುನೊಣ ಹಿಡಿದು ತಿನ್ನುವ ಕಳ್ಳಿಪೀರ ಹಕ್ಕಿಗಳು ಸಾಲಾಗಿ ಕೂರುತ್ತಿದ್ದವು. ಇನ್ನೊಂದು ಪೆಟ್ಟಿಗೆಯನ್ನು 28ಕ್ಕೆ ತೆರೆದೆ. ಎರಿಯ ನಡುವೆ, ಕಣಕ್ಕೊಂದರಂತೆ, ನೆಟ್ಟಗೆ ನಿಂತ ಬಿಳಿ ಮೊಟ್ಟೆಗಳಿದ್ದವು.