ಹಳೆಯ ಮರವೆಂದರೆ ಒಣಗಿದ ಮರವಲ್ಲ

ಮಳೆ ಹಿಡಿದ ಮೇಲೆ ನನಗೆ ಬರುವ ಕರೆಗಳೆಲ್ಲ ಒಂದೇ ಧಾಟಿಯವು. "ಒಲೆ ಹೊಗೆ ಕಾರುತ್ತಿದೆ, ಹಂಡೆ ಕಾಯುತ್ತಿಲ್ಲ, ಬಂದು ನೋಡಿ." ಶಿರಸಿ, ಸಿದ್ದಾಪುರದ ಕಡೆ ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ ಕಟ್ಟುವುದು ನನ್ನ ಕಸುಬು. ಹೋದೊಡನೆ ನಾನು ನೋಡುವುದು ಒಲೆಯನ್ನಲ್ಲ, ಸೌದೆ ಕೊಟ್ಟಿಗೆಯನ್ನು. "ಎರಡು ವರ್ಷದ ಹಿಂದೆ ಗಾಳಿಗೆ ಬಿದ್ದ ಮರ, ಚೆನ್ನಾಗಿ ಒಣಗಿದೆ" ಎನ್ನುತ್ತಾರೆ ಮನೆಯವರು. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಬಿದ್ದು ಎಷ್ಟು ವರ್ಷವಾಯಿತು ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಸಿಪ್ಪೆ ಸಮೇತ ನೆಲಕ್ಕಂಟಿ ಎರಡು ಮಳೆಗಾಲ ಕಳೆದ ದಿಮ್ಮಿ ಒಣಗುವುದಾದರೂ ಹೇಗೆ? ಮರದ ನೀರು ಸಲೀಸಾಗಿ ಹೊರಬೀಳುವುದು ಕೊಯ್ದ ತುದಿಗಳಿಂದ. ಸಿಪ್ಪೆ ಅದನ್ನು ಒಳಗೇ ಹಿಡಿದಿಡುತ್ತದೆ, ಕೆಳಗಿನ ಮಣ್ಣು ಇನ್ನಷ್ಟು ಕುಡಿಸುತ್ತದೆ. ಆ ಒದ್ದೆಯಲ್ಲೇ ಶಿಲೀಂಧ್ರ ಬೆಳೆದು ಮರವನ್ನು ತಿನ್ನುತ್ತದೆ. ಅದೇ ಗಾಳಿಗೆ ಮುರಿದು ಇನ್ನೊಂದು ಮರದ ಕವಲಿಗೆ ಸಿಕ್ಕಿಕೊಂಡ ಕೊಂಬೆ ಒಂದೇ ಬೇಸಿಗೆಯಲ್ಲಿ ಖಣಖಣ ಎನ್ನುವಂತೆ ಒಣಗಿರಬಹುದು.

ಒಣಗಿದೆಯೇ ಎಂಬುದು ಒಂದು ಪ್ರಶ್ನೆ, ಗಟ್ಟಿಯಿದೆಯೇ ಎಂಬುದು ಇನ್ನೊಂದು. ಇವೆರಡನ್ನು ಜನ ಕಲಸಿಬಿಡುತ್ತಾರೆ. ಒದ್ದೆಯಾದರೂ ಗಟ್ಟಿಯಿರುವ ಮರವನ್ನು ಒಡೆದು ಒಣಗಿಸಿ ಉರಿಸಬಹುದು. ಕೊಳೆತು ಕುಂಬಾದ ಮರವನ್ನೂ ಒಣಗಿಸಬಹುದು, ಮತ್ತು ತೂಕಕ್ಕೆ ತೂಕ ಇಟ್ಟರೆ ಅದು ಕೊಡುವ ಶಾಖವೇನೂ ತೀರಾ ಕಡಿಮೆಯಲ್ಲ. ಆದರೆ ಅದರಲ್ಲಿ ತೂಕವೇ ಉಳಿದಿರುವುದಿಲ್ಲ. ಕಡಿಯುವ ಕೂಲಿ ಅಷ್ಟೇ, ಹೊರುವ ಶ್ರಮ ಅಷ್ಟೇ. ಒಂದು ಹೊರೆ ಉರಿಸಿದರೂ ಹಂಡೆ ಉಗುರುಬೆಚ್ಚಗೆ. ಮೇಲಾಗಿ ಅದು ಜೂನ್ ತಿಂಗಳ ಗಾಳಿಯಿಂದಲೇ ತೇವ ಹೀರಿಕೊಳ್ಳುತ್ತದೆ.

ಒದ್ದೆ ಸೌದೆಯ ಕೇಡನ್ನು ಕೂಡ ಸ್ವಲ್ಪ ಬಿಡಿಸಿ ಹೇಳಬೇಕು. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಲೆಗೆ ಹೋಗುವ ಹೊತ್ತಿಗೆ ಅದು ಶೇಕಡಾ 20ಕ್ಕಿಂತ ಕೆಳಗಿಳಿದಿರಬೇಕು. ನೀರನ್ನು ಆವಿ ಮಾಡಲು ಶಾಖ ವ್ಯರ್ಥವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಕಟ್ಟಿಗೆಯ ಜ್ವಾಲೆಯೆಂದರೆ ಹೊತ್ತಿಕೊಂಡ ಹೊಗೆಯೇ. ಆವಿಯಿಂದ ಒಲೆಯ ಗೂಡು ತಣ್ಣಗಾದರೆ ಆ ಹೊಗೆ ಹೊತ್ತಿಕೊಳ್ಳದೆ ಹಾಗೇ ಕೊಳವೆ ಹತ್ತುತ್ತದೆ, ಅಲ್ಲಿ ಡಾಂಬರಿನಂತೆ ಅಂಟುತ್ತದೆ, ಉಳಿದದ್ದು ಒಲೆ ಮುಂದೆ ಕುಳಿತವರ ಎದೆಗೆ ಹೋಗುತ್ತದೆ. ಕಡಿಮೆ ಸೌದೆ, ಕಡಿಮೆ ಹೊಗೆಗೆಂದೇ ರೂಪಿಸಿದ ಅಸ್ತ್ರ ಒಲೆಯಂಥ ಒಳ್ಳೆಯ ಒಲೆಯೂ ಇಂಥ ಸೌದೆಯ ಮುಂದೆ ಸೋಲುತ್ತದೆ.

ಹಾಗೆಂದು ಹಳೆಯ ಮರವನ್ನೆಲ್ಲ ಬಿಸಾಡಿ ಎನ್ನಲಾರೆ. ಒಂದು ಮನೆಯಲ್ಲಿ ಮೂರು ಮಳೆ ಕಂಡ ಹಲಸಿನ ಮರ ತೋಟದ ಅಂಚಿನಲ್ಲಿ ಬಿದ್ದಿತ್ತು. ಮೇಲೆಲ್ಲ ಹಾವಸೆ, ಗೆದ್ದಲಿನ ಮಣ್ಣು. ಮಕ್ಕಳು ಅಲ್ಲೇ ಸುಟ್ಟುಬಿಡೋಣ ಎನ್ನುತ್ತಿದ್ದರು. ಎಂಬತ್ತು ದಾಟಿದ ಅಜ್ಜಿ ಮಾತ್ರ ಒಪ್ಪಲಿಲ್ಲ: "ಕೊಡಲಿ ಹಾಕಿ ನೋಡು, ಆಮೇಲೆ ಹೇಳು." ಕೊಡಲಿಯ ಹಿಂಬದಿಯಿಂದ ಹೊಡೆದರೆ ಡೊಬ್ಬೆಂದಿತು. ಸಿಪ್ಪೆಯಡಿಯ ಬಿಳಿಮರ ಎರಡು ಬೆರಳಿನಷ್ಟು ಕೈಯಲ್ಲೇ ಪುಡಿಯಾಯಿತು. ಅದನ್ನು ಕೆತ್ತಿ ಮತ್ತೆ ಹೊಡೆದೆ, ಠಣ್ಣೆಂದಿತು. ಒಳಗೆ ಅರಿಸಿನದ ಬಣ್ಣದ ಚೇಗು, ಅಂದರೆ ಮರದ ಗಟ್ಟಿ ತಿರುಳು, ಹಾಗೇ ಇತ್ತು. ಅದೇ ಮನೆಯ ಹಿಂದೆ, ಹಿಂದಿನ ವರ್ಷವಷ್ಟೇ ಬಿದ್ದ ಮಾವಿನ ಮರ ನೋಡಲು ಚೆಂದವಿತ್ತು, ಸಿಪ್ಪೆಯೂ ಬಿಟ್ಟಿರಲಿಲ್ಲ. ಕೊಯ್ದರೆ ಒಳಗೆ ಮೊಳೆಯನ್ನು ಹೆಬ್ಬೆರಳಲ್ಲೇ ಒತ್ತಬಹುದಾದಷ್ಟು ಮೆತ್ತಗೆ. ಅದನ್ನು ಅಲ್ಲೇ ಬಿಡಿಸಿದೆ. ತೋಟದ ಮಣ್ಣಿಗೆ ಅದು ಆಗಿಬರುತ್ತದೆ.

ಚೇಗು ಗಟ್ಟಿಯಿರುವ ಜಂಬೆ, ಮತ್ತಿ, ಹಲಸುಗಳಿಗೆ ನಾನು ಒಂದು ಅವಕಾಶ ಕೊಡುತ್ತೇನೆ. ಬೂರುಗ, ಹಾಲುವಾಣಗಳಿಗೆ ಕೊಡುವುದಿಲ್ಲ. ಸೊನೆಯಿಂದ ಮೈಮೇಲೆ ಗುಳ್ಳೆ ಏಳಿಸುವ ಹೊಳೆಗೇರಿನಂಥ ಮರಗಳ ತಂಟೆಯೇ ಬೇಡ. ದಿಮ್ಮಿಯನ್ನು ಹೊರಳಿಸುವಾಗ ಹಾರೆಯಿಂದಲೇ ಹೊರಳಿಸಿ, ಅಡಿಯಲ್ಲಿ ಹಾವು, ಚೇಳು ಇರುತ್ತವೆ. ಇದೆಲ್ಲ ನಿಮ್ಮ ಜಾಗದ ಮರದ ಮಾತು. ಕಾಡಿನಿಂದ ತರುವುದಾದರೆ ಮೊದಲು ಅರಣ್ಯ ಇಲಾಖೆಯನ್ನು ಕೇಳಿ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ, ಬಿದ್ದ ಮರವನ್ನೂ ತೆಗೆಯದಂತೆ ಸುಪ್ರೀಂ ಕೋರ್ಟ್ 2000ದಲ್ಲೇ ತಡೆದಿದೆ.

ಒಣಗಿತೇ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು, ತೂಕ ಇಳಿಯುವುದು ನಿಂತರೆ ಒಣಗಿದಂತೆ. ಆ ಹಲಸಿನದೊಂದು ಸೀಳನ್ನು ತೂಗಿದೆವು: 1 ಕಿಲೊ 100 ಗ್ರಾಂ. ಜನವರಿಯಲ್ಲಿ ಒಡೆದು, ಕಲ್ಲಿನ ಮೇಲೆ ಅಡ್ಡಡ್ಡ ಒಟ್ಟಿ, ಮೇಲೊಂದು ತಗಡು ಹೊದಿಸಿ, ಪಕ್ಕಗಳನ್ನು ಗಾಳಿಗೆ ಬಿಟ್ಟೆವು. ಅಜ್ಜಿ ಪ್ರತಿ ಹುಣ್ಣಿಮೆಗೆ ಅದೇ ಸೀಳನ್ನು ತೂಗಿಸಿ, ಬಚ್ಚಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಸಿದರು. 1100ರ ಕೆಳಗೆ 930, ಅದರ ಕೆಳಗೆ 820, ಆಮೇಲೆ 765, ಕೊನೆಗೆ 760. ಕೊನೆಯ ಎರಡರ ಕೆಳಗೆ ಅವರೇ ಗೆರೆ ಎಳೆದು, ಸೌದೆಯನ್ನು ಕೊಟ್ಟಿಗೆಗೆ ಸಾಗಿಸಲು ಹೇಳಿದರು.